ಇರುಳ ಬಾನುಲಿಯೂ ಶಕ್ತಿಯ ಲೆಕ್ಕವೂ

ನಿಜಾಮರ ಆಳ್ವಿಕೆಯ ಕಾಲದಿಂದಲೂ ಓದಿಗೆಂದೋ, ನೌಕರಿಗೆಂದೋ, ವ್ಯಾಪಾರಕ್ಕೆಂದೋ ರಾಯಚೂರು, ಕಲಬುರಗಿ, ಬೀದರ ಸೀಮೆಗಳಿಂದ ಬಂದು ಹೈದರಾಬಾದಿನ ಕಾಚಿಗುಡ ಮೊದಲಾದ ಮೊಹಲ್ಲಾಗಳಲ್ಲಿ ನೆಲೆನಿಂತ ಕನ್ನಡ ಕುಟುಂಬಗಳಿಗೆ ತಾಯ್ನುಡಿಯು ಮನೆಯ ಹೊಸ್ತಿಲಿನಾಚೆ ಕಿವಿಗೆ ಬೀಳುತ್ತಿದ್ದ ಎಡೆಗಳು ಕೆಲವೇ ಕೆಲವು; ಬಾನುಲಿಯು ಅವುಗಳಲ್ಲೊಂದಾಗಿತ್ತು. ಮೀಡಿಯಂ ವೇವಿನಲ್ಲಿ 738 ಕಿಲೋಹರ್ಟ್ಸಿನ ಹೈದರಾಬಾದ್ ಕೇಂದ್ರದಿಂದ ಮುಳ್ಳನ್ನು ತುಸುವೇ ಸರಿಸಿದರೆ 765ರಲ್ಲಿ ಧಾರವಾಡ, ಹಿಂದಕ್ಕೆ ತಿರುಗಿಸಿದರೆ 612ರಲ್ಲಿ ಬೆಂಗಳೂರು, ಬಹುದೂರ ಮುಂದಕ್ಕೆ ಹೋದರೆ 1107ರಲ್ಲಿ ಕಲಬುರಗಿ. ಹಗಲಿನಲ್ಲಿ ಇವು ಕ್ಷೀಣವಾಗಿ ಕೇಳಿಸುತ್ತಿದ್ದುವು, ಅಥವಾ ಕೇಳಿಸುತ್ತಲೇ ಇರಲಿಲ್ಲ. ಹೊತ್ತು ಮುಳುಗಿ ಒಂದೆರಡು ಗಂಟೆ ಕಳೆದ ಮೇಲಾದರೋ ಪಕ್ಕದ ಕೋಣೆಯಲ್ಲಿ ಹಾಡುತ್ತಿರುವರೋ ಎಂಬಷ್ಟು ಸ್ಫುಟವಾಗಿ ದನಿಯು ಏರಿಬಂದು, ವಾರ್ತೆಯ ನಡುವಿನಲ್ಲೋ ಆಲಾಪದ ಏರಿನಲ್ಲೋ ಇದ್ದಕ್ಕಿದ್ದಂತೆ ಕರಗಿ, ಅರೆಗಳಿಗೆಯ ಬಳಿಕ ಮತ್ತೆ ಮೇಲೇಳುತ್ತಿತ್ತು. "ಸ್ಟೇಷನ್ ಹೋಯಿತು," ಎನ್ನುತ್ತಿದ್ದರು. "ಬಂತು, ಬಂತು," ಎನ್ನುತ್ತಿದ್ದರು.

ಈ ನಗರಕ್ಕೆ ಬಾನುಲಿಯ ಪರಿಚಯ ಬಹು ಹಳೆಯದು. 1935ರ ಫೆಬ್ರವರಿ 3ರಂದು ಡೆಕ್ಕನ್ ರೇಡಿಯೊ ಎಂಬ ಹೆಸರಿನಿಂದ 200 ವಾಟ್ ಸಾಮರ್ಥ್ಯದ ಪ್ರಸಾರವು ಇಲ್ಲಿ ಮೊದಲಾಯಿತು; ಅದೇ ವರ್ಷ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಕನ್ನಡ ನಾಡಿನ ಪ್ರಥಮ ಬಾನುಲಿಯನ್ನು ತಮ್ಮ ಮನೆಯಿಂದಲೇ ಆರಂಭಿಸಿದರು. 1950ರ ಏಪ್ರಿಲ್ 1ರಂದು ಡೆಕ್ಕನ್ ರೇಡಿಯೊ ಭಾರತ ಸರ್ಕಾರದ ಅಧೀನಕ್ಕೆ ಬಂದಿತು. ಬೆಂಗಳೂರು, ಧಾರವಾಡಗಳ ಪ್ರಸಾರ ಯಂತ್ರಗಳು ಕಾಲಕ್ರಮದಲ್ಲಿ 200 ಕಿಲೋವಾಟಿಗೆ, ಎಂದರೆ ಡೆಕ್ಕನ್ ರೇಡಿಯೊದ ಮೊದಲ ಯಂತ್ರದ ಸಾವಿರ ಪಟ್ಟಿಗೆ, ಬೆಳೆದುವು. ಹೀಗೆ ಬಲವು ಸಾವಿರ ಪಟ್ಟು ಹೆಚ್ಚಿದರೂ ಇರುಳಿನ ಆ ಏರಿಳಿತವು ನಿಲ್ಲದೆ ಹೋದುದಕ್ಕೆ ಕಾರಣವೇನೆಂದರೆ, ಅದು ಬಲದ ಕೊರತೆಯಿಂದ ಹುಟ್ಟಿದುದೇ ಅಲ್ಲ. ಒಂದೇ ಕೇಂದ್ರದಿಂದ ಹೊರಟ ಒಂದೇ ಅಲೆಯು ಎರಡು ದಾರಿಗಳನ್ನು ಹಿಡಿದು ಬಂದು, ಕೇಳುವವನ ಮನೆಯಲ್ಲಿ ತನ್ನನ್ನು ತಾನೇ ಸಂಧಿಸುವುದರಿಂದ ಹುಟ್ಟಿದುದು. ಈ ಸಂಧಿಗೆ ಭೌತಶಾಸ್ತ್ರದಲ್ಲಿ ವ್ಯತಿಕರಣವೆಂದು ಹೆಸರು.

ಕಲಬುರಗಿಯನ್ನೇ ಉದಾಹರಣೆಯಾಗಿ ಹಿಡಿಯೋಣ. ಅದು ಹೈದರಾಬಾದಿಗೆ ನೇರ ಪಶ್ಚಿಮದಲ್ಲಿ ಸುಮಾರು 175 ಕಿಲೋಮೀಟರ್ ದೂರದಲ್ಲಿದೆ. 1107 ಕಿಲೋಹರ್ಟ್ಸಿನ ಅದರ ಅಲೆಯ ಉದ್ದವು 271 ಮೀಟರ್. ಈ ಅಲೆಯ ಒಂದು ಭಾಗವು ನೆಲವನ್ನು ಸವರಿಕೊಂಡು ಬರುತ್ತದೆ. ಮತ್ತೊಂದು ಭಾಗವು ಮೇಲೇರಿ, ಸೂರ್ಯಕಿರಣಗಳಿಂದ ಪರಮಾಣುಗಳು ಒಡೆದು ವಿದ್ಯುತ್ಕಣಗಳಾಗಿರುವ ಅಯಾನುಮಂಡಲವನ್ನು ಮುಟ್ಟುತ್ತದೆ. ಹಗಲಿನಲ್ಲಿ ಆ ಮಂಡಲದ ತೀರ ಕೆಳಗಿನ ಪದರವು ಮಧ್ಯಮ ತರಂಗಗಳನ್ನು ಹೀರಿಬಿಡುವುದರಿಂದ ಮೇಲೆ ಹೋದುದು ಮರಳುವುದಿಲ್ಲ. ಕತ್ತಲಾದೊಡನೆ ಆ ಪದರವು ಅಳಿದು, ಅದಕ್ಕೂ ಮೇಲೆ, ಸುಮಾರು 100 ಕಿಲೋಮೀಟರ್ ಎತ್ತರದಲ್ಲಿರುವ ಪದರದಿಂದ ಅಲೆಯು ಪ್ರತಿಫಲಿಸಿ ಕೆಳಗಿಳಿಯುತ್ತದೆ. ಹೀಗೆ ಮೇಲೆ ಸುತ್ತಿ ಬಂದ ದಾರಿಯು ನೆಲದ ದಾರಿಗಿಂತ ಸುಮಾರು 90 ಕಿಲೋಮೀಟರ್ ಹೆಚ್ಚು. ಈ ಹೆಚ್ಚಳವು ಅಲೆಯ ಉದ್ದದ ಪೂರ್ಣ ಗುಣಿತವಾಗಿದ್ದರೆ ಎರಡು ಅಲೆಗಳ ಶಿಖರಗಳೂ ಒಟ್ಟಿಗೆ ಬಂದು ಕ್ಷೇತ್ರಬಲವು ಇಮ್ಮಡಿಯಾಗುತ್ತದೆ. ಅದರಿಂದ ಅರ್ಧ ಅಲೆಯಷ್ಟು ತಪ್ಪಿದರೂ ಒಂದರ ಶಿಖರವು ಇನ್ನೊಂದರ ಕಣಿವೆಯ ಮೇಲೆ ಕುಳಿತು, ಎರಡೂ ಸಮಬಲವುಳ್ಳವಾದ ಪಕ್ಷದಲ್ಲಿ, ಉಳಿಯುವುದು ಶೂನ್ಯ. ಅಷ್ಟೆತ್ತರದಲ್ಲಿರುವ ಆ ಪದರವು ಕೇವಲ 90 ಮೀಟರಿನಷ್ಟು ಮೇಲಕ್ಕೋ ಕೆಳಕ್ಕೋ ಸರಿದರೆ ಸಾಕು, ಈ ಅರ್ಧ ಅಲೆಯ ವ್ಯತ್ಯಾಸವು ಉಂಟಾಗುತ್ತದೆ. ಪದರವು ಅಷ್ಟರ ಮಟ್ಟಿಗೆ ಕದಲದೆ ನಿಲ್ಲುವ ಇರುಳೇ ಇಲ್ಲ. ಬೆಂಗಳೂರಿನಂತೆ 500 ಕಿಲೋಮೀಟರ್ ದೂರದಿಂದ ಬರುವ ಅಲೆಗಳ ವಿಷಯದಲ್ಲಿ ನೆಲದ ಪಾಲು ಸಣ್ಣದಾಗಿ, ಆಕಾಶದ ಬೇರೆ ಬೇರೆ ಪದರಗಳಿಂದ ಇಳಿದುಬಂದ ಅಲೆಗಳೇ ಒಂದನ್ನೊಂದು ಸಂಧಿಸುತ್ತವೆ, ಫಲವು ಒಂದೇ.

ಈ ಉಪದ್ರವವನ್ನೇ ಅಳತೆಗೋಲನ್ನಾಗಿ ಮಾಡಿಕೊಂಡವನು ಇಂಗ್ಲೆಂಡಿನ ಎಡ್ವರ್ಡ್ ಆ್ಯಪಲ್ಟನ್. 1924ರ ಡಿಸೆಂಬರಿನಲ್ಲಿ ಬೋರ್ನ್‌ಮತ್ತಿನ ಬಿಬಿಸಿ ಪ್ರಸಾರ ಯಂತ್ರವು ತನ್ನ ತರಂಗದ ಉದ್ದವನ್ನು ಮೆಲ್ಲಮೆಲ್ಲನೆ ಬದಲಿಸುತ್ತ ಹೋದಂತೆ, ಆ್ಯಪಲ್ಟನ್ನನೂ ಅವನ ಸಹೋದ್ಯೋಗಿ ಬಾರ್ನೆಟ್ಟನೂ ಆಕ್ಸ್‌ಫರ್ಡಿನಲ್ಲಿ ಕುಳಿತು, ಅಲೆಯು ಎಷ್ಟು ಬಾರಿ ಏರಿ ಇಳಿಯಿತೆಂಬುದನ್ನು ಗಣಿಸಿ, ಆ ಗಣನೆಯಿಂದಲೇ ಪ್ರತಿಫಲಿಸುವ ಪದರವು ಸುಮಾರು 90 ಕಿಲೋಮೀಟರ್ ಎತ್ತರದಲ್ಲಿದೆಯೆಂದು ನಿರ್ಣಯಿಸಿದರು. ಯಾರೂ ಏರಿ ನೋಡದಿದ್ದ ಆಕಾಶದ ಎತ್ತರವು ಹೀಗೆ ದನಿಯ ಏರಿಳಿತದಿಂದ ತಿಳಿದುಬಂದಿತು. 1947ರಲ್ಲಿ ಆ್ಯಪಲ್ಟನ್ನನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ನಮ್ಮಲ್ಲಿ ಕಲಕತ್ತೆಯ ಶಿಶಿರಕುಮಾರ ಮಿತ್ರರು ಇದೇ ವಿಷಯದಲ್ಲಿ ಜೀವಮಾನವಿಡೀ ದುಡಿದು ವಾಯುಮಂಡಲದ ಮೇಲ್ಭಾಗವನ್ನು ಕುರಿತ ಮಹಾಗ್ರಂಥವನ್ನು ಪ್ರಕಟಿಸಿದುದೂ ಅದೇ ವರ್ಷ.

ಇಷ್ಟನ್ನು ಕೇಳಿದ ವಿಚಾರಶೀಲ ವಾಚಕರ ಮನಸ್ಸಿನಲ್ಲಿ ಒಂದು ಪ್ರಶ್ನೆಯು ಏಳಲೇಬೇಕು. ಎರಡು ಅಲೆಗಳೂ ಶಕ್ತಿಯನ್ನು ಹೊತ್ತು ತಂದುವಷ್ಟೆ. ಅವೆರಡೂ ಸೇರಿ ಶೂನ್ಯವಾದರೆ ಹೊತ್ತು ತಂದ ಶಕ್ತಿಯು ಏನಾಯಿತು? ಶಕ್ತಿಯು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲವೆಂದು ಶಾಲೆಯಲ್ಲಿ ಕಲಿತುದು ಸುಳ್ಳೇ? ಇದು ಬಾಲಿಶವಾದ ಪ್ರಶ್ನೆಯಲ್ಲ. ವಿದ್ಯುತ್ಕಾಂತ ಕ್ಷೇತ್ರದ ಸ್ವರೂಪವನ್ನು ಕುರಿತು ಕೇಳಬಹುದಾದ ಪ್ರಶ್ನೆಗಳಲ್ಲಿ ಇಷ್ಟು ದೂರ ನಮ್ಮನ್ನು ಕರೆದೊಯ್ಯುವ ಮತ್ತೊಂದು ನನಗೆ ಕಂಡಿಲ್ಲ.

ಉತ್ತರದ ಮೊದಲ ಹೆಜ್ಜೆಯು ಒಂದು ಸರಳ ಗಣಿತದಲ್ಲಿದೆ. ಅಲೆಗಳು ಕೂಡಿಕೊಳ್ಳುವಾಗ ಕೂಡುವುದು ಅವುಗಳ ಕ್ಷೇತ್ರಬಲ; ಶಕ್ತಿಯಾದರೋ ಆ ಬಲದ ವರ್ಗವನ್ನು ಅನುಸರಿಸುತ್ತದೆ. ಒಂದೊಂದು ಅಲೆಯೂ ಒಂದೊಂದು ಪಾಲು ಶಕ್ತಿಯನ್ನು ತಂದಿತೆಂದರೆ, ಶಿಖರಗಳು ಕೂಡಿದೆಡೆಯಲ್ಲಿ ಬಲವು ಎರಡಾಗಿ ಶಕ್ತಿಯು ನಾಲ್ಕಾಗುತ್ತದೆ. ಶಿಖರ ಕಣಿವೆಗಳು ಕೂಡಿದೆಡೆಯಲ್ಲಿ ಶಕ್ತಿಯು ಸೊನ್ನೆಯಾಗುತ್ತದೆ. ನಾಲ್ಕು, ಸೊನ್ನೆ; ಇವುಗಳ ಸರಾಸರಿ ಎರಡು, ತಂದುದೂ ಎರಡೇ. ಒಂದೆಡೆ ಕಳೆದುಹೋದಂತೆ ಕಾಣುವುದು ಇನ್ನೊಂದೆಡೆ ಅಧಿಕವಾಗಿ ಸಂದಾಯವಾಗಿದೆ. ಕಲಬುರಗಿಯ ಅಲೆಯ ಲೆಕ್ಕವನ್ನೇ ಮುಂದುವರಿಸಿದರೆ, ಪದರವು ಒಂದು ಕ್ಷಣ ನಿಶ್ಚಲವಾಗಿ ನಿಂತಿತೆಂದು ಭಾವಿಸಿದಲ್ಲಿ, ಹೈದರಾಬಾದಿನ ನೆಲದ ಮೇಲೆ ಪೂರ್ವಪಶ್ಚಿಮವಾಗಿ ಸುಮಾರು 400 ಮೀಟರಿಗೊಮ್ಮೆ ಸದ್ದು ಮತ್ತು ಮೌನಗಳ ಪಟ್ಟೆಗಳು ಒಂದಾದ ಮೇಲೊಂದು ಬಿದ್ದಿರಬೇಕು. ಒಬ್ಬರ ಮನೆಯಲ್ಲಿ ಸ್ಟೇಷನ್ ಹೋದ ಕ್ಷಣದಲ್ಲಿಯೇ ನಾಲ್ಕು ಬೀದಿಗಳಾಚೆ ಅದು ಇಮ್ಮಡಿಯ ಕ್ಷೇತ್ರಬಲದಿಂದ ಬರುತ್ತಿರುತ್ತದೆ. ಪದರವು ಕದಲಿದಂತೆ ಈ ಪಟ್ಟೆಗಳು ಮನೆಗಳ ಮೇಲೆ ಹಾದುಹೋಗುತ್ತವೆ.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಲಂಡನ್ನಿನ ವೈದ್ಯ ಥಾಮಸ್ ಯಂಗನು ಬೆಳಕಿಗೆ ಬೆಳಕನ್ನು ಕೂಡಿಸಿ ಕತ್ತಲನ್ನು ತೋರಿಸಿದಾಗ ಬಿಳಿಯ ಪರದೆಯ ಮೇಲೆ ಮೂಡಿದುದೂ ಇಂಥ ಪಟ್ಟೆಗಳೇ. ಕನ್ನಡಕದ ಗಾಜಿಗೆ ಬಳಿಯುವ ತೆಳುಲೇಪವೂ ಇದೇ ತತ್ತ್ವದ ಪ್ರಯೋಗ: ಲೇಪದ ಮೇಲ್ಮೈಯಿಂದಲೂ ತಳದಿಂದಲೂ ಪ್ರತಿಫಲಿಸಿದ ಬೆಳಕುಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ, ಹಾಗೆ ಅಳಿದುದರ ಶಕ್ತಿಯು ನಾಶವಾಗದೆ ಗಾಜನ್ನು ಹಾದು ಕಣ್ಣಿಗೆ ಬರುತ್ತದೆ.

ಆದರೆ ಸರಾಸರಿ ಸರಿಹೋಯಿತೆಂದ ಮಾತ್ರಕ್ಕೆ ಸಮಾಧಾನ ಹೊಂದತಕ್ಕದ್ದಲ್ಲ. ಮೌನದ ಪಟ್ಟೆಗೆ ಬರಬೇಕಾಗಿದ್ದ ಶಕ್ತಿಯು ಸದ್ದಿನ ಪಟ್ಟೆಗೆ ಯಾವ ದಾರಿಯಿಂದ ಹೋಯಿತೆಂದು ತೋರಿಸಬೇಕು. ಇದನ್ನು ತೋರಿಸಿಕೊಟ್ಟವನು ಬರ್ಮಿಂಗ್‌ಹ್ಯಾಮಿನ ಪ್ರಾಧ್ಯಾಪಕ ಜಾನ್ ಹೆನ್ರಿ ಪಾಯಿಂಟಿಂಗ್. ವಿದ್ಯುತ್ಕಾಂತ ಕ್ಷೇತ್ರದಲ್ಲಿ ಶಕ್ತಿಯ ಸಂಚಾರವನ್ನು ಕುರಿತು 1884ರಲ್ಲಿ ಅವನು ಪ್ರಕಟಿಸಿದ ಪ್ರಬಂಧದಲ್ಲಿ, ಯಾವುದೇ ಬಿಂದುವಿನಲ್ಲಿ ವಿದ್ಯುತ್ ಕ್ಷೇತ್ರದ ದಿಕ್ಕಿಗೂ ಕಾಂತ ಕ್ಷೇತ್ರದ ದಿಕ್ಕಿಗೂ ಏಕಕಾಲದಲ್ಲಿ ಲಂಬವಾದ ದಿಕ್ಕಿನಲ್ಲಿ ಶಕ್ತಿಯು ಹರಿಯುತ್ತದೆಂದೂ ಅದರ ಪ್ರಮಾಣವನ್ನು ಆ ಎರಡು ಕ್ಷೇತ್ರಗಳ ಗುಣಲಬ್ಧವು ಕೊಡುವುದೆಂದೂ ಸಾಧಿಸಿದನು. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದೇನೆಂದರೆ, ಗುಣಿಸಬೇಕಾದುದು ಕೂಡಿಕೆಯ ನಂತರದ ಕ್ಷೇತ್ರಗಳನ್ನು. ಒಂದೊಂದು ಅಲೆಗೂ ಪ್ರತ್ಯೇಕವಾದ ಶಕ್ತಿಪ್ರವಾಹವನ್ನು ಬರೆದು ಆಮೇಲೆ ಕೂಡಿಸುವುದು ತಪ್ಪು. ಎರಡು ಅಲೆಗಳು ಸಂಧಿಸುವ ಪ್ರದೇಶದಲ್ಲಿ ಇರುವುದು ಒಂದೇ ಕ್ಷೇತ್ರ, ಒಂದೇ ಪ್ರವಾಹ. ಆ ಪ್ರವಾಹದ ರೇಖೆಗಳು ಮೌನದ ಎಡೆಗಳನ್ನು ಬಳಸಿ ಬಾಗಿ ಸದ್ದಿನ ಎಡೆಗಳತ್ತ ಒತ್ತಾಗುತ್ತವೆ. ಶಕ್ತಿಯು ಮೌನದ ತಾಣಕ್ಕೆ ಬಂದು ಸತ್ತುದಲ್ಲ. ಅಲ್ಲಿಗೆ ಅದು ಬರಲೇ ಇಲ್ಲ.

ವಿದ್ಯುತ್ ಕ್ಷೇತ್ರವು ಶೂನ್ಯವಾದೆಡೆಯೆಲ್ಲ ಶಕ್ತಿಯೂ ಶೂನ್ಯವೆಂದು ತಿಳಿಯುವುದೂ ಸಲ್ಲದು. 1888ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್ರಿಖ್ ಹರ್ಟ್ಸನು ತನ್ನ ಅಲೆಗಳನ್ನು ಸತುವಿನ ತಗಡಿನ ಮೇಲೆ ಲಂಬವಾಗಿ ಬೀಳಿಸಿ, ಹೋಗುವ ಅಲೆಯೂ ಮರಳುವ ಅಲೆಯೂ ಕೂಡಿ ನಿಂತಲ್ಲೇ ನಿಲ್ಲುವ ಸ್ಥಾಯೀತರಂಗವನ್ನು ಉಂಟುಮಾಡಿದನು. ಅಲೆಯನ್ನು ಪತ್ತೆಹಚ್ಚುವ ತಂತಿಬಳೆಯಲ್ಲಿ ಹಾರುತ್ತಿದ್ದ ಕಿಡಿಯು ಅಡಗಿಹೋದ ನೆಲೆಗಳು ಅದರಲ್ಲಿ ಕ್ರಮವಾಗಿ ಕಂಡುಬಂದುವು. ಆದರೆ ವಿದ್ಯುತ್ ಕ್ಷೇತ್ರವು ಅಡಗಿದ ಆ ನೆಲೆಗಳಲ್ಲಿಯೇ ಕಾಂತ ಕ್ಷೇತ್ರವು ಪರಮಾವಧಿಯನ್ನು ಮುಟ್ಟಿರುತ್ತದೆ. ಶಕ್ತಿಯು ಒಂದು ರೂಪದಿಂದ ಮತ್ತೊಂದು ರೂಪಕ್ಕೆ, ಕಾಲು ಅಲೆಯಷ್ಟು ಅಂತರದೊಳಗೆ, ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿರುತ್ತದೆಯೇ ಹೊರತು ಎಲ್ಲಿಗೂ ಸಾಗುವುದಿಲ್ಲ.

ಅಲೆಗಳು ಕೂಡಿದರೆ ಯಾವಾಗಲೂ ಹೀಗೆ ಪಟ್ಟೆಗಳು ಬೀಳುತ್ತವೆಯೇ ಎಂದರೆ, ಇಲ್ಲ. ಒಂದು ಅಲೆಯ ವಿದ್ಯುತ್ ಕ್ಷೇತ್ರವು ಮೇಲೆಕೆಳಗೆ ತುಯ್ಯುತ್ತಿದ್ದು ಇನ್ನೊಂದರದು ಅಡ್ಡಡ್ಡಲಾಗಿ ತುಯ್ಯುತ್ತಿದ್ದರೆ ಅವು ಒಂದನ್ನೊಂದು ಹೆಚ್ಚಿಸಲೂ ಆರವು, ಅಳಿಸಲೂ ಆರವು. ಶಕ್ತಿಗಳು ಸುಮ್ಮನೆ ಕೂಡಿಕೊಳ್ಳುತ್ತವೆ. ತುಯ್ತದ ಈ ದಿಕ್ಕಿಗೆ ಧ್ರುವೀಕರಣವೆಂದು ಹೆಸರು. ಆಕಾಶದಿಂದ ಮರಳುವ ಬಾನುಲಿ ಅಲೆಯ ಧ್ರುವೀಕರಣವು ಭೂಕಾಂತದ ಪ್ರಭಾವದಿಂದ ತಿರುಚಿಕೊಂಡಿರುವುದರಿಂದ ನಮ್ಮ ಇರುಳ ಬಾನುಲಿಗೂ ಇದು ಸಂಬಂಧಿಸಿದ ವಿಷಯವೇ. ಪೂರ್ತಿ ಲಂಬವೂ ಅಲ್ಲದ ಪೂರ್ತಿ ಸಮಾನವೂ ಅಲ್ಲದ ಎರಡು ಧ್ರುವೀಕರಣಗಳ ಅಲೆಗಳು ಕೂಡಿದಾಗ ಅವು ಹೆಜ್ಜೆಗೆ ಹೆಜ್ಜೆ ಹೊಂದಿವೆಯೇ ಇಲ್ಲವೇ ಎಂದು ನಿರ್ಣಯಿಸುವ ಬಗೆ ಯಾವುದು? ಈ ಪ್ರಶ್ನೆಗೆ ಉತ್ತರವು ಬಂದುದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಿಂದ, 1956ರಲ್ಲಿ, ಇಪ್ಪತ್ತೆರಡು ವರ್ಷದ ಎಸ್. ಪಂಚರತ್ನಂ ಅವರಿಂದ. ಎರಡು ಅಲೆಗಳನ್ನು ಕೂಡಿಸಿದಾಗ ಒಟ್ಟು ಶಕ್ತಿಯು ಯಾವ ಸ್ಥಿತಿಯಲ್ಲಿ ಗರಿಷ್ಠವಾಗುವುದೋ ಆ ಸ್ಥಿತಿಯಲ್ಲಿ ಅವುಗಳ ಹೆಜ್ಜೆ ಹೊಂದಿದೆಯೆಂದು ತಿಳಿಯತಕ್ಕದ್ದೆಂದು ಅವರು ವಿಧಿಸಿದರು. ಶಕ್ತಿಯನ್ನೇ ಪ್ರಮಾಣವಾಗಿ ಹಿಡಿದ ಈ ಸರಳ ವಿಧಿಯಿಂದ ಅಚ್ಚರಿಯ ಫಲವೊಂದು ಹೊರಟಿತು: ಮೊದಲನೆಯ ಅಲೆಗೆ ಎರಡನೆಯದು ಹೊಂದಿದ್ದು, ಎರಡನೆಯದಕ್ಕೆ ಮೂರನೆಯದು ಹೊಂದಿದ್ದರೂ, ಮೂರನೆಯದು ಮೊದಲನೆಯದಕ್ಕೆ ಹೊಂದಿರಬೇಕೆಂಬ ನಿಯಮವಿಲ್ಲ. ಸುಮಾರು ಮೂವತ್ತು ವರ್ಷಗಳ ತರುವಾಯ ಇಂಗ್ಲೆಂಡಿನ ಮೈಕೇಲ್ ಬೆರಿ ಕ್ವಾಂಟಂ ಶಾಸ್ತ್ರದಲ್ಲಿ ಇಂಥದೇ ಫಲವನ್ನು ಕಂಡಿದ್ದು, ಪಂಚರತ್ನಂ ಅವರ ಪ್ರಾಥಮ್ಯವನ್ನು 1987ರಲ್ಲಿ ತಾವೇ ಲೋಕಕ್ಕೆ ಸಾರಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕೆಲಕಾಲ ಬೋಧಿಸಿ ಆಕ್ಸ್‌ಫರ್ಡಿಗೆ ತೆರಳಿದ ಪಂಚರತ್ನಂ 1969ರಲ್ಲಿ, ಮೂವತ್ತೈದರ ಪ್ರಾಯದಲ್ಲಿಯೇ, ತೀರಿಕೊಂಡಿದ್ದರು.

ಇನ್ನು ವಿಷಯದ ತಿರುಳಿಗೆ ಬರೋಣ. ಮೇಲೆ ಹೇಳಿದ ಲೆಕ್ಕವು ಎಲ್ಲೋ ಒಂದೆಡೆ ಮೌನವಿದ್ದರೆ ಇನ್ನೊಂದೆಡೆ ಸದ್ದಿದೆಯೆಂಬ ಆಧಾರದ ಮೇಲೆ ನಿಂತಿತು. ಆದರೆ ಎರಡು ಆಂಟೆನಾಗಳನ್ನು ಒಂದಕ್ಕೊಂದು ತೀರ ಹತ್ತಿರದಲ್ಲಿ, ಅಲೆಯ ಉದ್ದಕ್ಕೆ ಹೋಲಿಸಿದರೆ ಗಣನೆಗೇ ಬಾರದಷ್ಟು ಅಂತರದಲ್ಲಿ, ನಿಲ್ಲಿಸಿ, ಎರಡರಲ್ಲೂ ಸಮನಾದ ವಿದ್ಯುತ್ತನ್ನು ಏಕಲಯದಿಂದ ಹರಿಸಿದೆವೆನ್ನಿ. ಆಗ ದಾರಿಗಳ ವ್ಯತ್ಯಾಸವು ಯಾವ ದಿಕ್ಕಿನಲ್ಲಿಯೂ ಉಂಟಾಗದು. ಶಕ್ತಿಯು ಎಲ್ಲ ದಿಕ್ಕುಗಳಲ್ಲಿಯೂ ನಾಲ್ಕು ಪಟ್ಟಾಗುತ್ತದೆ. ಮೌನದ ಪಟ್ಟೆಯೇ ಇಲ್ಲದಿರುವಾಗ ಹೆಚ್ಚಿನ ಎರಡು ಪಾಲು ಎಲ್ಲಿಂದ ಬಂದುವು? ವಿಲೋಮ ಲಯದಿಂದ ಹರಿಸಿದರಂತೂ ಎಲ್ಲ ದಿಕ್ಕುಗಳಲ್ಲಿಯೂ ಶೂನ್ಯವೇ. ಆಗ ಎರಡು ಪಾಲೂ ಎಲ್ಲಿ ಹೋದುವು?

ಇದಕ್ಕೆ ಉತ್ತರವು ಆಕಾಶದಲ್ಲಿಲ್ಲ, ಆಂಟೆನಾದ ಬುಡದಲ್ಲಿದೆ. ಪ್ರಸಾರ ಯಂತ್ರವು ಆಂಟೆನಾದ ತಂತಿಯಲ್ಲಿ ವಿದ್ಯುತ್ತನ್ನು ಹರಿಸುವಾಗ, ಆ ತಂತಿಯ ಮೇಲಿರುವ ವಿದ್ಯುತ್ ಕ್ಷೇತ್ರವನ್ನು ಎದುರಿಸಿ ಹರಿಸಬೇಕಾಗುತ್ತದೆ. ಹಾಗೆ ಎದುರಿಸಿ ಮಾಡಿದ ಕೆಲಸವೇ ಅಲೆಯ ಶಕ್ತಿಯಾಗಿ ಹೊರಡುತ್ತದೆ. ಎದುರುಗಾಳಿಯಲ್ಲಿ ನಡೆಯುವವನು ನಿಶ್ಚಲವಾದ ಗಾಳಿಯಲ್ಲಿ ನಡೆಯುವವನಿಗಿಂತ ಹೆಚ್ಚು ದಣಿಯುವಂತೆ, ಏಕಲಯದ ನೆರೆಯ ಆಂಟೆನಾದ ಕ್ಷೇತ್ರವು ಎದುರು ಬಂದುದರಿಂದ, ಅಷ್ಟೇ ವಿದ್ಯುತ್ತನ್ನು ಹರಿಸಲು ಪ್ರತಿಯೊಂದು ಯಂತ್ರವೂ ಈಗ ಇಮ್ಮಡಿ ದುಡಿಯಬೇಕಾಗುತ್ತದೆ. ಎರಡು ಯಂತ್ರಗಳು, ಒಂದೊಂದರಿಂದಲೂ ಎರಡೆರಡು ಪಾಲು, ಒಟ್ಟು ನಾಲ್ಕು. ವಿಲೋಮ ಲಯದಲ್ಲಾದರೋ ನೆರೆಯ ಕ್ಷೇತ್ರವು ತನ್ನ ಕ್ಷೇತ್ರದ ಎದುರೊತ್ತನ್ನು ಸರಿದೂಗಿಸಿಬಿಡುವುದರಿಂದ ಯಂತ್ರವು ಕೆಲಸ ಮಾಡುವುದಕ್ಕೆ ಆಸ್ಪದವೇ ಇಲ್ಲದಂತಾಗಿ ಶಕ್ತಿಯು ಹೊರಡುವುದೇ ಇಲ್ಲ. ಮೂಲವು ಎಷ್ಟು ಶಕ್ತಿಯನ್ನು ಕೊಡುವುದೆಂಬುದು ಮೂಲವೊಂದರ ಗುಣವಷ್ಟೇ ಅಲ್ಲ. ಅದು ಯಾವ ಕ್ಷೇತ್ರದ ನಡುವೆ ನಿಂತಿದೆಯೆಂಬುದನ್ನೂ ಅವಲಂಬಿಸಿದೆ. ಅಲೆಗೊಂದು ಸ್ವಂತ ಶಕ್ತಿಯ ಗಂಟಿದೆ, ಅದನ್ನು ಅದು ಒಂಟಿಯಾಗಿ ಹೊತ್ತು ಸಾಗುತ್ತದೆಯೆಂಬ ನಮ್ಮ ಸಹಜ ಕಲ್ಪನೆಯು ಇಲ್ಲಿಗೆ ಮುಗಿಯುತ್ತದೆ. ಶಕ್ತಿಯು ಕ್ಷೇತ್ರದ ಸಮಗ್ರತೆಗೆ ಸೇರಿದುದು.

ಕಳುಹುವುದಕ್ಕೆ ಅನ್ವಯಿಸುವ ಈ ಮಾತು ಪಡೆಯುವುದಕ್ಕೂ ಅನ್ವಯಿಸುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಇನ್ನೂ ಸುಂದರವಾಗಿ ಅನ್ವಯಿಸುತ್ತದೆ. ಟ್ರಾನ್ಸಿಸ್ಟರ್ ರೇಡಿಯೊದೊಳಗೆ ಗೇಣುದ್ದದ ಕರಿಯ ಫೆರೈಟ್ ಸಲಾಕೆಯೊಂದು, ತಂತಿಯನ್ನು ಸುತ್ತಿಕೊಂಡು, ಮಲಗಿರುತ್ತದೆ. ಬೆಂಗಳೂರಿನ ಅಲೆಯ ಉದ್ದವು 490 ಮೀಟರ್. ಇಷ್ಟು ದೊಡ್ಡ ಅಲೆಯಿಂದ ಅಷ್ಟು ಸಣ್ಣ ಸಲಾಕೆಯು ಹೇಗೆ ಶಕ್ತಿಯನ್ನು ಸೆಳೆಯುತ್ತದೆ? ಅಲೆಯು ಬಂದು ತಾಗಿದಾಗ ಸುರುಳಿಯಲ್ಲಿ ವಿದ್ಯುತ್ ಹರಿಯುತ್ತದೆ. ಹರಿಯುವ ವಿದ್ಯುತ್ತು ತಾನೂ ಒಂದು ಪುಟ್ಟ ಪ್ರಸಾರ ಕೇಂದ್ರವಾಗಿ ತನ್ನದೇ ಅಲೆಯನ್ನು ಸುತ್ತಲೂ ಹರಡುತ್ತದೆ. ಈ ಹೊಸ ಅಲೆಯು ಸಲಾಕೆಯ ಹಿಂಬದಿಯಲ್ಲಿ ಬಂದ ಅಲೆಗೆ ವಿಲೋಮವಾಗಿ ಕೂಡಿ ಅದನ್ನು ತುಸು ಕುಗ್ಗಿಸುತ್ತದೆ. ಹಾಗೆ ಕುಗ್ಗಿದುದರ ಶಕ್ತಿಯಿಂದಲೇ ರೇಡಿಯೊಗೆ ಅದರ ಪಾಲು ದಕ್ಕುತ್ತದೆ. ಹೀರುವುದೆಂಬುದು ಕೂಡ ವ್ಯತಿಕರಣದ ಒಂದು ರೂಪವೇ. ತಾನೂ ಅಲೆಯನ್ನು ಹೊರಡಿಸದೆ ಅಲೆಯಿಂದ ಯಾವುದೂ ಶಕ್ತಿಯನ್ನು ಪಡೆಯಲಾರದು. ಲೆಕ್ಕ ಮಾಡಿದರೆ, ಸ್ವಲ್ಪವೂ ನಷ್ಟವಿಲ್ಲದ ಆದರ್ಶ ಸಲಾಕೆಯೊಂದು ಸರಿಯಾದ ಶ್ರುತಿಯಲ್ಲಿದ್ದಾಗ, ಬೆಂಗಳೂರಿನ ಅಲೆಯಿಂದ 28 ಸಾವಿರ ಚದರ ಮೀಟರಿಗೂ ಮಿಕ್ಕ, ಎಂದರೆ ಏಳು ಎಕರೆ ಹರವಿನ ಶಕ್ತಿಯನ್ನು ತನ್ನತ್ತ ಬಾಗಿಸಿಕೊಳ್ಳಬಲ್ಲದು. ಪಾಯಿಂಟಿಂಗನ ಪ್ರವಾಹರೇಖೆಗಳು ಎಲ್ಲೆಲ್ಲಿಂದಲೋ ಬಾಗಿ ಆ ಗೇಣುದ್ದದ ಸಲಾಕೆಯೊಳಕ್ಕೆ ಇಳಿಯುತ್ತವೆ. ನಿಜವಾದ ಸಲಾಕೆಯ ನಷ್ಟಗಳು ಇದನ್ನು ಬಹಳವಾಗಿ ಇಳಿಸುತ್ತವೆಯಾದರೂ, ಹಿಡಿತವು ದೇಹದ ಹರವಿಗಷ್ಟೇ ಕಟ್ಟುಬಿದ್ದುದಲ್ಲವೆಂಬುದು ಹಾಗೆಯೇ ಉಳಿಯುತ್ತದೆ.

ಅಲೆಯು ಸಣ್ಣದಾಗಿ ಸಂಕೇತವು ಅತಿ ದುರ್ಬಲವಾದಾಗ ಒಂದು ಸಲಾಕೆಯು ಸಾಲದು. ಅಗಲವಾದ ಮೈಯೊಂದರ ಪ್ರತಿಯೊಂದು ಅಂಶವನ್ನೂ ಏಕಲಯದಲ್ಲಿ ದುಡಿಸಬೇಕಾಗುತ್ತದೆ. ಈ ಕಾರ್ಯದಲ್ಲಿ ಹೈದರಾಬಾದಿಗೆ ವಿಶೇಷ ಸ್ಥಾನವುಂಟು. 1967ರಲ್ಲಿ ಎ. ಎಸ್. ರಾವ್ ಅವರ ನೇತೃತ್ವದಲ್ಲಿ ಇಲ್ಲಿ ಸ್ಥಾಪಿತವಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ, ಜನರ ಬಾಯಿಯ ಇಸಿಐಎಲ್, 32 ಮೀಟರ್ ವ್ಯಾಸದ ಬೃಹತ್ ಆಂಟೆನಾವನ್ನು ಬೆಂಗಳೂರಿನ ಹೊರವಲಯದ ಬ್ಯಾಲಾಳು ಗ್ರಾಮದಲ್ಲಿ ಇಸ್ರೋ ಸಂಸ್ಥೆಗಾಗಿ ನಿಲ್ಲಿಸಿತು. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರ ಮಾತನ್ನು ಅದು ಕೇಳಿತು. 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆಯನ್ನು ಸೇರಿದ ನೌಕೆಯಿಂದ ಹನ್ನೆರಡು ನಿಮಿಷಕ್ಕೂ ಹೆಚ್ಚು ಕಾಲ ಪಯಣಿಸಿ ಬರುತ್ತಿದ್ದ ಸಂಕೇತಗಳನ್ನೂ ಕೇಳಿತು.

ಆ ತಟ್ಟೆಯ ಹರವು 804 ಚದರ ಮೀಟರ್. ಅದರ ಬಾಗು ಎಂಥದೆಂದರೆ, ನೇರವಾಗಿ ಎದುರಿನಿಂದ ಬಂದ ಅಲೆಯ ಯಾವ ಅಂಶವು ತಟ್ಟೆಯ ಯಾವ ಭಾಗವನ್ನು ತಾಗಿ ಹೊರಳಿದರೂ, ನಾಭಿಯನ್ನು ಸೇರುವ ದಾರಿಯ ಉದ್ದವು ಒಂದೇ ಆಗಿರುತ್ತದೆ. ಎಲ್ಲ ಶಿಖರಗಳೂ ಏಕಕಾಲಕ್ಕೆ ಅಲ್ಲಿ ಕೂಡುತ್ತವೆ. ಓರೆಯಾಗಿ ಬಂದ ಅಲೆಯ ಅಂಶಗಳ ದಾರಿಗಳು ಬೇರೆಬೇರೆಯಾಗಿ ಅವು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಹೀಗಾಗಿ 8.4 ಗಿಗಾಹರ್ಟ್ಸಿನಲ್ಲಿ ಈ ಆಂಟೆನಾದ ನೋಟವು ಒಂದು ಡಿಗ್ರಿಯ ಹನ್ನೆರಡನೆಯ ಒಂದು ಭಾಗಕ್ಕಿಂತಲೂ ಇಕ್ಕಟ್ಟಾದುದು. ಪೂರ್ಣಚಂದ್ರನ ಬಿಂಬದ ಅಗಲದಲ್ಲಿ ಅಂಥ ಆರು ನೋಟಗಳು ಹಿಡಿಯುತ್ತವೆ. ಆದರೆ ಆ ಅಲೆಯ ಉದ್ದವು ಕೇವಲ 3.6 ಸೆಂಟಿಮೀಟರ್. ಆದುದರಿಂದ ಅಷ್ಟು ವಿಶಾಲವಾದ ಲೋಹದ ಮೈಯು ಬಿಸಿಲಿಗೆ ಹಿಗ್ಗಿ, ಗಾಳಿಗೆ ಬಳುಕಿ, ತನ್ನ ಭಾರಕ್ಕೆ ತಾನೇ ಕುಸಿದು, ಇರಬೇಕಾದ ಬಾಗಿನಿಂದ ಸರಾಸರಿ 1.8 ಮಿಲಿಮೀಟರ್ ತಪ್ಪಿತೆಂದರೆ, ನಾಭಿಗೆ ಸಲ್ಲಬೇಕಾದ ಶಕ್ತಿಯಲ್ಲಿ ಮೂರನೆಯ ಒಂದು ಪಾಲು ಅಲ್ಲಿಗೆ ಸಲ್ಲದೆ, ಎಳ್ಳಷ್ಟೂ ನಾಶವಾಗದೆ, ಯಾರಿಗೂ ಬೇಡದ ಬೇರೆ ದಿಕ್ಕುಗಳಿಗೆ ಚದುರಿಹೋಗುತ್ತದೆ. ಅದನ್ನು ತಡೆಯುವುದಕ್ಕಾಗಿಯೇ ಇಂಥ ತಟ್ಟೆಗಳನ್ನು ಕಟ್ಟುವವರು ತಗಡು ತಗಡನ್ನೂ ಅಳೆದು, ಹಿಂಬದಿಯ ತಿರುಪುಗಳನ್ನು ಮಿಲಿಮೀಟರಿನ ಅಂಶದಷ್ಟು ತಿರುಗಿಸಿ, ಮತ್ತೆ ಅಳೆಯುತ್ತಾರೆ.